ಎರಡೂವರೆ ಅಡಿಯ ಗೋಡೆ

ಬೆಂಗಳೂರಿನ ನಮ್ಮ ಬಡಾವಣೆಯ ತಿರುವಿನಲ್ಲಿ ಕಳೆದ ಮಳೆಗಾಲದ ಒಂದು ಸಂಜೆ ಸೈಕಲ್ ಮೇಲೆ ಬರುತ್ತಿದ್ದ ಬಾಲಕನಿಗೆ ಕಾರು ತಾಗಿ ಅವನ ಕಾಲಿನ ಮೂಳೆ ಮುರಿಯಿತು. ಕಾರು ವೇಗವಾಗಿರಲಿಲ್ಲ, ಬಾಲಕನೂ ಅಡ್ಡಾದಿಡ್ಡಿ ಬಂದವನಲ್ಲ. ಒಬ್ಬರಿಗೊಬ್ಬರು ಕಾಣಿಸಲಿಲ್ಲ, ಅಷ್ಟೆ. ಕಾಣದಂತೆ ಮಾಡಿದ್ದು ಮೂಲೆ ನಿವೇಶನದ ಏಳಡಿ ಎತ್ತರದ ಕಾಂಪೌಂಡ್ ಗೋಡೆ. ಆ ಮನೆ ನನ್ನದು.

ಸೇವಾವಧಿಯುದ್ದಕ್ಕೂ ನಿಯಮಾವಳಿಗಳ ನಡುವೆಯೇ ಬಾಳಿದವನು ತನಗೆ ನಿಯಮ ತಿಳಿದಿರಲಿಲ್ಲವೆಂದರೆ ಯಾರೂ ನಂಬುವುದಿಲ್ಲ, ನಂಬಲೂ ಬಾರದು. 1970ರಲ್ಲಿ ಮೊದಲು ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಆಜ್ಞೆಯಲ್ಲ, ಶಿಫಾರಸು. ಸ್ಥಳೀಯ ಸಂಸ್ಥೆಗಳು ತಮ್ಮ ಉಪವಿಧಿಗಳಲ್ಲಿ ಅಳವಡಿಸಿಕೊಂಡಾಗಲೇ ಅದಕ್ಕೆ ಬಲ. ಅದರ 2005ರ ಆವೃತ್ತಿಯ ಪ್ರಕಾರ, ವಿಶೇಷ ಅನುಮತಿಯಿಲ್ಲದೆ ಆವರಣ ಗೋಡೆಯು ಎದುರಿನ ರಸ್ತೆಯ ಮಧ್ಯರೇಖೆಯಿಂದ 1.5 ಮೀಟರ್ ಮೀರಬಾರದು. ಮೇಲಿನ 0.9 ಮೀಟರ್ ಭಾಗ ಗಾಳಿ ಬೆಳಕಿಗೆ ತೆರೆದಿದ್ದರೆ 2.4 ಮೀಟರ್‌ವರೆಗೂ ಏರಬಹುದು. ಮೂಲೆ ನಿವೇಶನವಾದರೆ ತಿರುವಿನ ಎರಡೂ ಬದಿಗಳಲ್ಲಿ 10 ಮೀಟರ್ ಉದ್ದಕ್ಕೆ ಗಟ್ಟಿ ಗೋಡೆ 0.75 ಮೀಟರ್ ಮಾತ್ರ, ಅಂದರೆ ಎರಡೂವರೆ ಅಡಿ; ಅದರ ಮೇಲೆ ಬೇಕಿದ್ದರೆ ಕಂಬಿ. ಕಾರಾಗೃಹಗಳಿಗೆ ಈ ಮಿತಿಗಳು ಅನ್ವಯಿಸುವುದಿಲ್ಲ. ನಮ್ಮ ಬೀದಿಯ ಕೆಲವು ಮನೆಗಳನ್ನು ನೋಡಿದಾಗಲೆಲ್ಲ ನನಗೆ ಈ ವಿನಾಯಿತಿ ನೆನಪಾಗುತ್ತದೆ.

ಎರಡೂವರೆ ಅಡಿ ಯಾರದೋ ಹುಚ್ಚು ಲೆಕ್ಕವಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡಗಳು ಚಾಲಕನ ಕಣ್ಣು ರಸ್ತೆಯಿಂದ 1.2 ಮೀಟರ್ ಎತ್ತರದಲ್ಲಿರುತ್ತದೆಂದು ಎಣಿಸುತ್ತವೆ. ಗೋಡೆ ಅದಕ್ಕಿಂತ ತಗ್ಗಿದ್ದರೆ ಸೈಕಲ್ ಸವಾರನ ತಲೆ, ಭುಜಗಳಾದರೂ ಕಾಣುತ್ತವೆ.

ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ಇಟ್ಟಿಗೆ, ಸಿಮೆಂಟು, ಮೇಸ್ತ್ರಿಯ ಕೂಲಿ ನಾನು ತೆತ್ತೆ. ಉಳಿದ ಬೆಲೆಯನ್ನು ಆ ಹುಡುಗ ತೆತ್ತ. ಗೋಡೆ ಎತ್ತರಿಸಿದ್ದಾದರೂ ಏಕೆ? ಪಕ್ಕದವರು ಎತ್ತರಿಸಿದ್ದರು, ಕಳ್ಳ ತಗ್ಗು ಗೋಡೆಯ ಮನೆಯನ್ನೇ ಹುಡುಕುತ್ತಾನೆಂಬ ಭಯ. ನನ್ನದು ಎದ್ದ ಮೇಲೆ ಎದುರಿನವರದೂ ಎದ್ದಿತು. ಎಲ್ಲರದೂ ಸಮನಾದ ಮೇಲೆ ಯಾರಿಗೂ ಲಾಭ ಉಳಿಯಲಿಲ್ಲ. ಒಳಗೆ ಹಾರಿದ ಕಳ್ಳನಿಗೆ ಮಾತ್ರ ಬೀದಿಯ ಕಣ್ಣು ತಪ್ಪಿತು. ನೆರೆಯವರ ಕಣ್ಣುಗಳೇ ಬೀದಿಯ ಕಾವಲು ಎಂದು ಜೇನ್ ಜೇಕಬ್ಸ್ 1961ರಷ್ಟು ಹಿಂದೆಯೇ ವಾದಿಸಿದ್ದರು.

ಇನ್ನೊಂದು ಸೂಕ್ಷ್ಮವಿದೆ. ಅಳತೆ ರಸ್ತೆಯ ಮಧ್ಯರೇಖೆಯಿಂದ. ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸ ಪದರ ಹಾಕಿದಂತೆಲ್ಲ ರಸ್ತೆ ಏರುತ್ತದೆ, ಅಂಗಳ ತಗ್ಗುತ್ತದೆ, ಮಳೆನೀರು ಗೇಟಿನೊಳಗೆ ಹರಿಯುತ್ತದೆ. ಮನೆಯವರು ಇನ್ನೆರಡು ವರಸೆ ಇಟ್ಟಿಗೆ ಏರಿಸುತ್ತಾರೆ. ಅವರನ್ನಷ್ಟೇ ದೂರುವುದು ನ್ಯಾಯವಲ್ಲ.

2025ರಲ್ಲಿ ಬೆಂಗಳೂರಿಗೆ ಒಂದರ ಬದಲು ಐದು ನಗರ ಪಾಲಿಕೆಗಳಾದವು. ನಗರದ ಎಲ್ಲ ಗೋಡೆಗಳನ್ನೂ ಅಳೆಯಿರೆಂದು ಅವುಗಳನ್ನು ಕೇಳುವುದು ವ್ಯರ್ಥ. ನನ್ನ ಗೋಡೆಯನ್ನು ಅಳೆಯಲು ಇಷ್ಟು ವರ್ಷಗಳಲ್ಲಿ ಯಾರೂ ಬಂದವರಿಲ್ಲ. ಮೂಲೆ ನಿವೇಶನಗಳನ್ನಾದರೂ, ಅದರಲ್ಲೂ ಶಾಲೆಗಳ ಸುತ್ತಲಿನವನ್ನು, ಮೊದಲು ಕೈಗೆತ್ತಿಕೊಳ್ಳಬಹುದು. ದಂಡಕ್ಕಿಂತ ಮುಂಚೆ ಮೂರು ತಿಂಗಳ ಗಡುವಿನ ನೋಟಿಸು ಸಾಕು. ಬಹುಪಾಲು ಜನರಿಗೆ ಈ ನಿಯಮ ನಿಜವಾಗಿಯೂ ಗೊತ್ತಿಲ್ಲ.

ನನಗೆ ಆ ನೆಪವಿಲ್ಲ. ಕಳೆದ ವಾರ ಮೇಸ್ತ್ರಿಯನ್ನು ಕರೆಸಿದೆ. “ಕಟ್ಟಿಸೋರನ್ನ ನೋಡಿದೀನಿ ಸಾರ್, ಕೆಡವಿಸೋರನ್ನಲ್ಲ” ಎಂದು ನಕ್ಕ. ಕಂಬಿ ಸೇರಿ ಗೋಡೆ ಎತ್ತರಿಸಿದ್ದಕ್ಕಿಂತ ಖರ್ಚು ಹೆಚ್ಚು. ಮನೆಯಾಕೆಗೆ ಕಳ್ಳರ ಚಿಂತೆ ಇನ್ನೂ ಹೋಗಿಲ್ಲ. ಸೋಮವಾರ ಕೆಲಸ ಆರಂಭ.