ಹಳೆಯ ವೈಫೈಗೆ ಕೊಟ್ಟ ಅನುಮತಿ

ಉಳಿದುಕೊಂಡಿರುವ ಹಳೆಯ ವೈಫೈ ಹೆಸರುಗಳನ್ನು ಅಳಿಸಿದರೆ ಲ್ಯಾಪ್‌ಟಾಪ್ ಚುರುಕಾಗುತ್ತದೆಯೇ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಚುರುಕಾಗುವುದಿಲ್ಲ, ಅವು ಹಿಡಿಯುವ ಜಾಗ ತೀರಾ ಅಲ್ಪ. ಆದರೂ ಅಳಿಸಬೇಕು. ಏಕೆಂದರೆ ಆ ಪಟ್ಟಿಯಲ್ಲಿರುವ ಒಂದೊಂದು ಹೆಸರೂ, ಮುಂದೆ ಸಿಕ್ಕಾಗ ಕೇಳದೆಯೇ ನಂಬು ಎಂದು ನಾವು ಯಂತ್ರಕ್ಕೆ ಕೊಟ್ಟ ಅನುಮತಿ. ಪಾಸ್‌ವರ್ಡ್ ಇರುವ ಜಾಲದಲ್ಲಿ ಈ ನಂಬಿಕೆಗೆ ಆಧಾರವಿದೆ: ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ ರೂಟರ್ ಕೂಡ ತನಗೆ ಆ ಪಾಸ್‌ವರ್ಡ್ ಗೊತ್ತೆಂದು ಸಾಬೀತುಪಡಿಸಬೇಕು. ರೈಲು ನಿಲ್ದಾಣ, ಹೋಟೆಲ್‌ಗಳ ಮುಕ್ತ ವೈಫೈಗೆ ಮಾತ್ರ ಗುರುತೆಂದರೆ ಹೆಸರೊಂದೇ. ಅದೇ ಹೆಸರಿಟ್ಟು ಯಾರು ಬೇಕಾದರೂ ರೂಟರ್ ಹೂಡಬಹುದು; ತಾನಾಗಿ ಸಂಪರ್ಕಿಸುವ ಆಯ್ಕೆ ಚಾಲೂ ಇದ್ದರೆ ಲ್ಯಾಪ್‌ಟಾಪ್ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಮೊಬೈಲಿಗೆ ಒಟಿಪಿ ಬರುತ್ತದಲ್ಲ ಎನ್ನುವವರಿದ್ದಾರೆ. ಒಟಿಪಿಯಿಂದ ನಾವು ಯಾರೆಂದು ಜಾಲಕ್ಕೆ ತಿಳಿಯುತ್ತದೆ. ಜಾಲ ಯಾರದೆಂದು ನಮಗೆ ತಿಳಿಯುವುದಿಲ್ಲ.

ಇನ್ನೂ ಬೆರಗಿನದು ಅಡಗಿಸಿಟ್ಟ ವೈಫೈಯ ಕಥೆ. ರೂಟರ್ ತನ್ನ ಹೆಸರನ್ನು ಸಾರದಂತೆ ಮಾಡಿಬಿಟ್ಟರೆ ಕಳ್ಳರಿಗೆ ಕಾಣದು ಎಂದು ಬಹಳ ಜನ ನಂಬಿದ್ದಾರೆ. ಇದು ತಂತ್ರಜ್ಞಾನದ ವೇಷ ತೊಟ್ಟ ಮೂಢನಂಬಿಕೆ. ರೂಟರ್ ಬಾಯಿ ಮುಚ್ಚಿಕೊಂಡರೆ ಹುಡುಕುವ ಹೊಣೆ ಲ್ಯಾಪ್‌ಟಾಪಿನ ಮೇಲೆ ಬೀಳುತ್ತದೆ. ಮನೆ ಹತ್ತಿರವಿದೆಯೋ ದೂರವಿದೆಯೋ ಅರಿಯದ ಅದು ಬಸ್ ನಿಲ್ದಾಣದಲ್ಲೂ ಆಸ್ಪತ್ರೆಯಲ್ಲೂ ಆ ಹೆಸರನ್ನೇ ಹಿಡಿದು ಕರೆಯುತ್ತದೆ. ಹೀಗೆ ಕರೆಯುವ ಯಂತ್ರಗಳನ್ನು ಎಷ್ಟು ಸುಲಭವಾಗಿ ಮೋಸಗೊಳಿಸಬಹುದೆಂದು ಭದ್ರತಾ ಸಂಶೋಧಕರಾದ ಡಿನೊ ಡೈ ಜೋವಿ ಮತ್ತು ಶೇನ್ ಮೆಕಾಲೆ 2005ರಲ್ಲೇ ತೋರಿಸಿಕೊಟ್ಟರು. ಅವರ 'ಕರ್ಮ' ಎಂಬ ತಂತ್ರಾಂಶ, ಯಾವ ಹೆಸರು ಹಿಡಿದು ಕರೆದರೂ ನಾನೇ ಅದು ಎಂದು ಓಗೊಡುತ್ತಿತ್ತು. ಈಗಿನ ಯಂತ್ರಗಳು ಹಾಗೆ ಹೆಸರು ಕೂಗುವುದಿಲ್ಲವಲ್ಲ ಎಂಬ ಆಕ್ಷೇಪ ಬಹುಮಟ್ಟಿಗೆ ಸರಿ. ಆದರೆ ಅಡಗಿಸಿಟ್ಟ ಜಾಲವನ್ನು ಹೆಸರು ಹಿಡಿದು ಕರೆಯದೆ ಸಾಮಾನ್ಯವಾಗಿ ಬೇರೆ ದಾರಿಯಿಲ್ಲ.

ಹಳೆಯ ಜಾಲಗಳನ್ನು ಪರಿಶೀಲಿಸಿ ಅಳಿಸುವಾಗ, ಉಳಿಸಿಕೊಂಡವುಗಳ ಹೆಸರು ತಿದ್ದುವುದೂ ಆ ಕೆಲಸದ ಭಾಗವೇ. ವೈರಿನ ಸಂಪರ್ಕವನ್ನು ವಿಂಡೋಸ್ ಗುರುತಿಸುವುದು ಮುಖ್ಯವಾಗಿ ರೂಟರಿನ ಹಾರ್ಡ್‌ವೇರ್ ವಿಳಾಸದಿಂದ. ಹಾಗಾಗಿ ರೂಟರ್ ಬದಲಾದರೆ ಅದೇ ಮನೆ 'ನೆಟ್‌ವರ್ಕ್ 2' ಆಗುತ್ತದೆ, ಹಳೆಯ ದಾಖಲೆ ರಿಜಿಸ್ಟ್ರಿಯಲ್ಲಿ ಉಳಿಯುತ್ತದೆ. 'ಮನೆ', 'ಕಚೇರಿ' ಎಂದು ತಿದ್ದಿಕೊಂಡರೆ ರೂಟರಿನಲ್ಲಿ ಏನೂ ಬದಲಾಗದು. ವಿಂಡೋಸ್‌ನಲ್ಲಿ ಯಾವ ಜಾಲವನ್ನು ಖಾಸಗಿ ಎನ್ನಬೇಕು, ಯಾವುದನ್ನು ಸಾರ್ವಜನಿಕ ಎನ್ನಬೇಕು ಎಂಬುದು ಮಾತ್ರ ನಮಗೆ ಸ್ಪಷ್ಟವಾಗುತ್ತದೆ. ಅಳಿಸಿದರೆ ಪಾಸ್‌ವರ್ಡ್ ಮತ್ತೆ ಹುಡುಕಬೇಕಲ್ಲ ಎಂದು ಹಿಂಜರಿಯುವವರು ಇಷ್ಟನ್ನು ಗಮನಿಸಲಿ: ಮೊದಲು ಅಳಿಸಬೇಕಾದ ಮುಕ್ತ ವೈಫೈಗಳಿಗೆ ಪಾಸ್‌ವರ್ಡೇ ಇಲ್ಲ.