ಚಿಟಿಕೆ ಲೋಹ, ದೊಡ್ಡ ವ್ಯಾಜ್ಯ

ಉಪ್ಪಿನಕಾಯಿಗೆಂದು ಮಾವಿನಕಾಯಿ ಹೆಚ್ಚಿದ ಕಬ್ಬಿಣದ ಚಾಕು ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ. ಸ್ಟೀಲಿನ ಚಾಕು ತೊಳೆದಿಟ್ಟರೆ ಮೊದಲಿನಂತೆಯೇ ಹೊಳೆಯುತ್ತದೆ. ಇದಕ್ಕೆ ಕಾರಣ ಉಕ್ಕಿನಲ್ಲಿ ಬೆರೆತ ಕ್ರೋಮಿಯಂ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ತೆಳುಪದರವಾಗಿ ಉಕ್ಕನ್ನು ಕಾಯುತ್ತದೆ. ಈ ಮಿಶ್ರಣವನ್ನು ಕಂಡುಹಿಡಿದ ಹಕ್ಕು ಯಾರದೆಂಬುದು ಮಾತ್ರ ಸುಲಭವಾಗಿ ತೀರ್ಮಾನವಾಗಲಿಲ್ಲ.

ಹೊಸದನ್ನು ಕಂಡುಹಿಡಿದವರಿಗೆ ಸರಕಾರವು ಗೊತ್ತಾದ ಅವಧಿಗೆ ಕೊಡುವ ಹಕ್ಕೇ ಪೇಟೆಂಟ್. ನಮ್ಮ ದೇಶದಲ್ಲಿ ಈಗ ಆ ಅವಧಿ 20 ವರ್ಷ. ವಸ್ತು ಹೊಸದಾಗಿದ್ದರಷ್ಟೇ ಸಾಲದು. ಆ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದೂ ಆಗಿರಬಾರದು. ಸಾರಿಗೆ ಚಿಟಿಕೆ ಉಪ್ಪು ಹೆಚ್ಚು ಹಾಕಿ, 'ಇದು ನನ್ನ ಹೊಸ ಅಡಿಗೆ' ಎಂದರೆ ನಾವು ಒಪ್ಪುತ್ತೇವೆಯೇ?

1912ರಲ್ಲಿ ಅಮೆರಿಕದ ಎಲ್‌ವುಡ್ ಹೇನ್ಸ್ ತುಕ್ಕು ಹಿಡಿಯದ ಉಕ್ಕಿಗಾಗಿ ಅರ್ಜಿ ಹಾಕಿದರು. ಕ್ರೋಮಿಯಂ ಬೆರೆಸಿದ ಉಕ್ಕು ಹೊಸದಲ್ಲವೆಂದು ಪೇಟೆಂಟ್ ಕಚೇರಿ ಅದನ್ನು ತಿರಸ್ಕರಿಸಿತು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡಲು ಹೊರಟು, ಶೇಕಡಾ 12.8ರಷ್ಟು ಕ್ರೋಮಿಯಂ ಇರುವ ಉಕ್ಕನ್ನು ತಯಾರಿಸಿದರು. ಅದು ವಿನೆಗರ್, ನಿಂಬೆರಸಗಳಿಗೂ ಜಗ್ಗಲಿಲ್ಲ. 1916ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ಹೇನ್ಸ್ ಬಿಡಲಿಲ್ಲ, ವಾದ ಹೂಡಿ 1919ರಲ್ಲಿ ತಾವೂ ಪೇಟೆಂಟ್ ಪಡೆದರು.

ಇದು ಬಲ್ಲವರಿಗೆ ಮೊದಲೇ ಹೊಳೆಯಬೇಕಾದ ಸಂಗತಿಯಾಗಿತ್ತೇ? 1892ರಲ್ಲಿ ಪ್ರಸಿದ್ಧ ಲೋಹತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಇಂಥ ಉಕ್ಕನ್ನು ಪ್ರಬಲ ಗಂಧಕಾಮ್ಲದಲ್ಲಿ ಪರೀಕ್ಷಿಸಿ, ಕ್ರೋಮಿಯಂನಿಂದ ಉಕ್ಕಿನ ಬಾಳಿಕೆ ಕುಗ್ಗುತ್ತದೆಂದೇ ಬರೆದಿದ್ದರು. ಬಲ್ಲವರೇ ಬೇರೆ ದಾರಿ ತೋರಿಸಿದ್ದಾಗ, ಸರಿದಾರಿ ಕಂಡವರ ಕೆಲಸವನ್ನು ಸಹಜವೆನ್ನುವುದು ಹೇಗೆ?

ಇನ್ನೊಂದು ಮುಖವೂ ಉಂಟು. ಶೇಕಡಾ 0.3 ಮಾಲಿಬ್ಡಿನಂ, 0.8 ನಿಕ್ಕಲ್ ಬೆರೆಸಿದ ಟೈಟಾನಿಯಂ ಮಿಶ್ರಲೋಹವೊಂದಕ್ಕೆ 1985ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಪೇಟೆಂಟ್ ನಿರಾಕರಿಸಿತು. ಅದಕ್ಕೆ ತೀರ ಹತ್ತಿರದ ಪ್ರಮಾಣಗಳು ಹಳೆಯ ರಷ್ಯನ್ ಲೇಖನವೊಂದರ ನಕ್ಷೆಯಲ್ಲಿದ್ದವು. ಗುಣ ಹೊಸದಾಗಿ ತಿಳಿದ ಮಾತ್ರಕ್ಕೆ ಹಳೆಯ ಮಿಶ್ರಣ ಹೊಸದಾಗದು ಎಂದಿತು ನ್ಯಾಯಾಲಯ.

ಹಕ್ಕು ಸುಲಭವಾಗಿ ಸಿಕ್ಕರೆ ಎಲ್ಲರ ತಿಳಿವು ಒಬ್ಬರ ಸೊತ್ತಾಗುತ್ತದೆ. ಸಿಗದೇ ಹೋದರೆ ವರ್ಷಗಟ್ಟಲೆ ದುಡಿದವರ ಶ್ರಮ ಮಣ್ಣುಪಾಲಾಗುತ್ತದೆ. ಉತ್ತರ ತಿಳಿದ ಮೇಲೆ ಯಾವ ಲೆಕ್ಕವೂ ಸುಲಭವೇ ಅಲ್ಲವೇ, ವಿದ್ಯಾರ್ಥಿಗಳೇ? ಉತ್ತರ ತಿಳಿಯುವ ಮೊದಲು ಅದೆಷ್ಟು ಕಠಿಣವಾಗಿತ್ತೆಂದು ಅಳೆಯುವುದೇ ಇಲ್ಲಿ ನ್ಯಾಯಾಧೀಶರ ಪರೀಕ್ಷೆ.