ಶರೀಫರ ಪದಕ್ಕೆ ಗಿಟಾರ್: ರಘು ದೀಕ್ಷಿತ್ ಬ್ಯಾಂಡ್ ನಡೆದ ದಾರಿ

ವೈಟ್‌ಫೀಲ್ಡ್ ಕ್ಯಾಬ್‌ನಲ್ಲೋ ಪೀಣ್ಯದ ಬಸ್‌ಸ್ಟಾಪ್‌ನಲ್ಲೋ ಇಯರ್‌ಫೋನ್ ಹಾಕ್ಕೊಂಡು ನನ್ನ ಮಾತು ಕೇಳ್ತಿರೋರಿಗೆ ಇವತ್ತು ಒಂದೇ ಪ್ರಶ್ನೆ: ಇರೋ ಕೆಲಸ ಬಿಟ್ಟು ಬ್ಯಾಂಡ್ ಕಟ್ಟಿದ್ರೆ ಹೊಟ್ಟೆ ತುಂಬತ್ತಾ?

ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್ ಓದಿದ್ದು ಮೈಕ್ರೋಬಯಾಲಜಿ. ಬೆಲ್ಜಿಯಂನಲ್ಲಿ ಔಷಧ ಕಂಪನಿ ಕೆಲಸವೂ ಇತ್ತು. ಅದನ್ನ ಬಿಟ್ಟು ಹಾಡಿಗೆ ನಿಂತರು. ಮೊದಲ ತಂಡ 'ಅಂತರಾಗ್ನಿ', ಆಮೇಲೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ವರ್ಷಗಟ್ಟಲೆ ಯಾವ ಮ್ಯೂಸಿಕ್ ಕಂಪನಿಯೂ ಕೈ ಹಿಡೀಲಿಲ್ಲ. ಕೊನೆಗೆ 2008ರಲ್ಲಿ ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್‌ನಲ್ಲಿ ಮೊದಲ ಆಲ್ಬಂ ತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋ, 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ.

ಕನ್ನಡ ಬಾರದೋರಿಗೂ ಇದು ಹೇಗೆ ಹಿಡಿಸ್ತು? ಆ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳಿವೆ. ತತ್ವಪದದಲ್ಲಿ ಒಬ್ಬರು ನುಡಿ ಹೇಳ್ತಾರೆ, ಸುತ್ತ ಕೂತೋರು ಪಲ್ಲವಿ ಹಿಡೀತಾರೆ. ನಾಲ್ಕು ಸಲ ಕೇಳಿದ್ರೆ ಐದನೇದಕ್ಕೆ ನೀವೂ ಹಾಡ್ತೀರಿ. ಏಕತಾರಿ, ದಮ್ಮಡಿ ಜಾಗಕ್ಕೆ ಗಿಟಾರ್, ಡ್ರಮ್ಸ್ ಬಂದವು, ಪಿಟೀಲು ಜೊತೆಗೂಡಿತು. ಅಮೆರಿಕದ ಬ್ಲೂಗ್ರಾಸ್ ಬ್ಯಾಂಡ್‌ಗಳು 'ಫಿಡಲ್' ಅನ್ನೋದೂ ಇದೇ ಪಿಟೀಲನ್ನ. ಹಳ್ಳಿ ಹಾಡು ವೇದಿಕೆಗೆ ಬರೋ ದಾರಿ ಅಲ್ಲೂ ಇಲ್ಲೂ ಹೆಚ್ಚುಕಮ್ಮಿ ಒಂದೇ.

ಹೊಟ್ಟೆ ಪ್ರಶ್ನೆಗೆ ಬರೋಣ. ಬ್ಯಾಂಡ್ ಜೊತೆಗೆ ಅವರು ಸಿನಿಮಾ ಸಂಗೀತವನ್ನೂ ಮಾಡಿದರು: 2008ರಲ್ಲಿ 'ಸೈಕೋ', 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ'. ಅಂದ್ರೆ ತುಂಬತ್ತೆ, ಆದ್ರೆ ಒಂದೇ ತಟ್ಟೆಯಿಂದಲ್ಲ, ಬೇಗನೂ ಅಲ್ಲ. ನಾಳೆ ರಾಜೀನಾಮೆ ಬರೆಯೋ ಮುಂಚೆ ಇದಿಷ್ಟು ನೆನಪಿರಲಿ.